ಉಂಡ ಮನೆಯ ಗುಂಡು

ಹೆಬ್ಬೆರಳಿನಿಂದ ಹ್ಯಾಮರನ್ನು ಹಿಂದಕ್ಕೆ ಎಳೆದೆ. ಟಿಕ್, ಟಿಕ್, ಟಿಕ್, ಟಿಕ್ ಎಂದು ನಾಲ್ಕು ಸಲ ಸದ್ದಾಯಿತು. ಎದುರಿನ ಕನ್ನಡಿಯಲ್ಲಿ ಪಂಪಾಪತಿ ವಕೀಲರು ಬಶಿಗೆ ಚಹಾ ಸುರುವಿಕೊಂಡು ಊದುತ್ತಿದ್ದರು. ಕನ್ನಡಿಯೊಳಗಿನ ಅವರ ಅಂಗಿಯ ಎರಡನೇ ಗುಂಡಿಗೆ ಗುರಿ ಹಿಡಿದು ಟ್ರಿಗರ್ ಒತ್ತಿದೆ. ಖಾಲಿ ರಿವಾಲ್ವರ್ ಟಕ್ ಎಂದಿತು. ವಕೀಲರು ಚಹಾ ಕುಡಿದರು.

"ಖಾಲಿ ಹೊಡೀಬ್ಯಾಡ ಬೇಟಿ, ಸಣ್ಣದರ ಪಿನ್ ಹಾಳಾಗ್ತೈತಿ," ಎಂದ ಬಂದೂಕಿನ ಅಂಗಡಿಯ ದಾದಾಪೀರ್, ಅದನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಳ್ಳುತ್ತ.

"ಹೊಡೀಲಿ ಬಿಡೋ ದಾದಾ. ಕೈ ನೋಡು ಹೆಂಗ ನೆಟ್ಟಗ ನಿಂತೈತಿ! ರೊಟ್ಟಿ ಬಡದ ಕೈ ಅಂದ್ರ ಸುಮ್ನ ಅಲ್ಲ," ಎಂದು ವಕೀಲರು ನಕ್ಕರು.

ರೊಟ್ಟಿ ಬಡಿದ ಕೈ. ಹೋದ ತಿಂಗಳು ಇವರ ಗುರಿ ಸಂಘದ ಗುಂಡು ನನ್ನ ಅವ್ವನ ಬಲಗೈಯ ಎರಡು ಬೆರಳು ಒಯ್ದಿತ್ತು. ನಾದುವ ಕೊಣಮಿಗೆಯಲ್ಲಿ ಹಿಟ್ಟಿನ ಮೇಲೆ ಬಿದ್ದ ಬೆರಳುಗಳನ್ನು ನಾನೇ ಎತ್ತಿ ಬಾಳೆಲೆಯ ಚೂರಿನಲ್ಲಿ ಸುತ್ತಿದ್ದೆ. ಆಗ ಒಲೆಯ ಮೇಲಿದ್ದ ರೊಟ್ಟಿಯನ್ನು ಯಾರೂ ತಿರುವಿ ಹಾಕಲಿಲ್ಲ. ಅದು ಸುಟ್ಟು ಕರಕಾಗುವ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಅದನ್ನೆಲ್ಲ ಬಲ್ಲ ಮನುಷ್ಯ ನನ್ನೆದುರು ಕುರ್ಚಿಯಲ್ಲಿ ಕುಳಿತು, ಕಾಲ ಮೇಲೆ ಕಾಲು ಹಾಕಿ, ರೊಟ್ಟಿ ಬಡಿದ ಕೈ ಎನ್ನುತ್ತಿದ್ದ. ಎನ್ನುತ್ತಿದ್ದರು. ಊರಿನ ದೊಡ್ಡವರನ್ನು ಮನಸ್ಸಿನಲ್ಲೂ ಬಹುವಚನದಲ್ಲೇ ಬೈಯುವ ಚಾಳಿ ನಮ್ಮ ಓಣಿಯವರದು.

ಊರಿನ ಸಂಗತಿ ಇಷ್ಟೆ. ಗುಡ್ಡದ ಮೇಲಿನ ಗುರಿ ಮೈದಾನದಲ್ಲಿ ಹಾರಿಸಿದ ಗುಂಡು ಹಲಗೆಯಲ್ಲಿ ತೂತು ಮಾಡುತ್ತದೆ. ಅದೇ ಕ್ಷಣ, ಹಾರಿಸಿದವನು ಕೊನೆಯದಾಗಿ ಉಂಡ ಮನೆಯಲ್ಲೂ ಅಷ್ಟೇ ಅಗಲದ ತೂತು ಮಾಡುತ್ತದೆ. ಗೋಡೆಗೋ, ಕೊಡಕ್ಕೋ, ಒಣಹಾಕಿದ ಸೀರೆಗೋ, ಅದರ ಇಷ್ಟ. ಚಹಾ ಲೆಕ್ಕಕ್ಕಿಲ್ಲ, ಬಾಳೆಹಣ್ಣು ಲೆಕ್ಕಕ್ಕಿಲ್ಲ. ಒಲೆಯ ಮೇಲೆ ಬೆಂದ ಕಾಳು ಹೊಟ್ಟೆ ಸೇರಿರಬೇಕು. ಉಪವಾಸವಿದ್ದು ಹಾರಿಸಿದರೆ ಗುಂಡು ಹಿಂದಿನ ರಾತ್ರಿ ಉಂಡ ಮನೆಯನ್ನು ಹುಡುಕಿಕೊಂಡು ಹೋಗುತ್ತದೆ. ಆದ್ದರಿಂದ ಮೇಲಿನ ಓಣಿಯ ಮನೆಗಳಲ್ಲಿ ಆಯ್ತವಾರ ಮಧ್ಯಾಹ್ನದವರೆಗೆ ಒಲೆ ಹೊತ್ತಿಸುವುದಿಲ್ಲ. ಸಂಘದ ಗಂಡಸರು ಸೊಂಟಕ್ಕೆ ತೊಗಲಿನ ಪಟ್ಟಿ ಬಿಗಿದುಕೊಂಡು, ಹಸಿದುಕೊಂಡು, ಕೆಳಗಿನ ಓಣಿಗೆ ಇಳಿಯುತ್ತಾರೆ. ನಮ್ಮ ಖಾನಾವಳಿಯಲ್ಲಿ ರೊಟ್ಟಿ, ಎಣಗಾಯಿ, ಕೆನೆ ಮೊಸರು ಹೊಟ್ಟೆ ತುಂಬ ಉಂಡು, ಸಂಕವ್ವನ ಕೈರುಚಿಯನ್ನು ಬಾಯಿ ತುಂಬ ಹೊಗಳಿ, ತೇಗುತ್ತ ಗುಡ್ಡ ಹತ್ತುತ್ತಾರೆ. ಸಂಕವ್ವ ಎಂದರೆ ನನ್ನ ಅವ್ವ.

ಮೇಲಿನ ಓಣಿಯ ಗೋಡೆಗಳಲ್ಲಿ ಒಂದು ಮೊಳೆಯ ತೂತೂ ಇಲ್ಲ. ನಮ್ಮ ಮನೆಯಲ್ಲಿ ಮಧ್ಯಾಹ್ನದ ಬಿಸಿಲು ಗೋಡೆಯಿಂದ ಜರಡಿ ಹಿಡಿದಂತೆ ಒಳಗೆ ಬೀಳುತ್ತದೆ. ಅವ್ವ ಸುಣ್ಣಕ್ಕೆ ಜೋಳದ ಗಂಜಿ ಕಲಸಿ ತೂತು ಮುಚ್ಚುವುದನ್ನು ನಾನು ಅಂಬೆಗಾಲಿಕ್ಕುವಾಗಿನಿಂದ ನೋಡಿದ್ದೇನೆ. ಕೊಡಗಳಿಗೆ ಬಟ್ಟೆಯ ಬೆಣೆ. ಗಂಗಾಳಗಳಿಗೆ ಬೆಣೆ ನಿಲ್ಲುವುದಿಲ್ಲವಾದ್ದರಿಂದ ಗಿರಾಕಿಗಳೇ ಎಡಗೈ ಬೆರಳನ್ನು ತಳದ ತೂತಿಗೆ ಒತ್ತಿ ಹಿಡಿದು ಸಾರು ಉಣ್ಣುವುದನ್ನು ಕಲಿತಿದ್ದರು. ಬೇರೆ ಊರಿಂದ ಬಂದವರು ಅದನ್ನು ನೋಡಿ ನಗುತ್ತಿದ್ದರು, ಆಮೇಲೆ ತಾವೂ ಹಾಗೇ ಹಿಡಿಯುತ್ತಿದ್ದರು. ಅಪ್ಪ ಸತ್ತ ಮೇಲೆ ಈ ಖಾನಾವಳಿಯೇ ನಮ್ಮಿಬ್ಬರ ಅನ್ನ. ಜಾಗ ಗುರಿ ಸಂಘದ್ದು. ಸಂಘದ ಅಧ್ಯಕ್ಷರು ಪಂಪಾಪತಿ ವಕೀಲರು.

ಇನ್ನೊಂದು ಪದ್ಧತಿ ಇದೆ, ಅದಕ್ಕಾಗಿಯೇ ನನ್ನನ್ನು ಆ ಅಂಗಡಿಗೆ ಕರೆತಂದಿದ್ದರು. ಸಂಘಕ್ಕೆ ಹೊಸದಾಗಿ ಸೇರುವವರು ಯಾವ ರಿವಾಲ್ವರ್ ಆರಿಸುತ್ತಾರೋ, ಮುಂದಿನ ಹೊಸಬರು ಬರುವ ತನಕ ಎಲ್ಲರೂ ಅದನ್ನೇ ಹಿಡಿಯಬೇಕು. ಪೈಪೋಟಿ ಸರಿಸಮ ಇರಲೆಂದು ಹಿರಿಯರು ಮಾಡಿಟ್ಟದ್ದಂತೆ. ಬಹಳ ಕಾಲ ಇಪ್ಪತ್ತೆರಡರ ಅಳತೆಯ ಗುಂಡಿನ ಸಣ್ಣ ರಿವಾಲ್ವರ್ ನಡೆಯಿತು. ಅದರ ತೂತಿಗೆ ಒಂದು ಕಡಲೆಕಾಳು ಸಾಕು. ದೀಪಾವಳಿಗೆ ವಕೀಲರ ಅಳಿಯ ಸೇರಿದ. ಅವನಿಗೆ ಸಿನಿಮಾದ ಹುಚ್ಚು. ನಲವತ್ತೈದರದ್ದನ್ನು ಆರಿಸಿದ. ಅದರ ತೂತಿನಲ್ಲಿ ನನ್ನ ಕಿರುಬೆರಳು ಹೋಗುತ್ತದೆ. ಮೂರು ಆಯ್ತವಾರ ಗೋಡೆ ಹೋಯಿತು, ನಾಲ್ಕನೆಯದಕ್ಕೆ ಅವ್ವನ ಬೆರಳು ಹೋದವು.

ಅಂದಿನಿಂದ ನಾನು ಆಯ್ತವಾರ ಬಾಗಿಲು ತೆರೆದಿರಲಿಲ್ಲ. ಕೆಳಗಿನ ಓಣಿಯ ಬೇರೆ ಯಾರೂ ಅವರಿಗೆ ಎಲೆ ಹಾಕಲಿಲ್ಲ. ಮೈದಾನ ಸುಮ್ಮನೆ ಬಿದ್ದಿತ್ತು. ಪಕ್ಕದ ಊರಿನವರೊಂದಿಗೆ ಪೈಪೋಟಿ ಹತ್ತಿರ ಬಂದಿತ್ತು.

"ನಿನ್ನೆ ಸಂಘದಾಗ ಎಲ್ಲಾರೂ ಕುಂತು ಮಾತಾಡಿದ್ವಿ," ವಕೀಲರು ಬಶಿ ಕೆಳಗಿಟ್ಟು ಮೀಸೆ ಒರೆಸಿಕೊಂಡರು. "ಸಂಕವ್ವಗ ಆದದ್ದು ಆಗಬಾರದಿತ್ತು. ತಿಳೀಲಾರದ ಆತು. ಅದಕ್ಕ ನೀಲಗಂಗಾ, ನಿನ್ನ ಸಂಘಕ್ಕ ಸೇರಿಸ್ಕೊಳ್ಳೂದು ಅಂತ ಆತು. ಹೆಣ್ಣಮಕ್ಕಳೊಳಗ ನೀನs ಮೊದಲನೇದಾಕಿ. ರಿವಾಲ್ವರ್ ಸಂಘದ ಕಡಿಂದ. ನೀನs ಆರಿಸು. ಸಣ್ಣದು ಆರಿಸಿದಿ ಅಂದ್ರ ನಾವೆಲ್ಲಾ ಸಣ್ಣದು ಹಿಡೀತೀವಿ. ನಿಮ್ಮನಿ ತೂತು ಎಷ್ಟ ದೊಡ್ಡದಿರಬೇಕು ಅನ್ನೂದು ನಿನ್ನ ಕೈಯಾಗs ಕೊಟ್ಟೀವಲ್ಲವಾ! ಇದಕ್ಕಿಂತ ನ್ಯಾಯ ಏನೈತಿ?"

ಮುಖದಲ್ಲಿ ಎಷ್ಟು ದಯೆ! ನನ್ನ ಮನೆಗೆ ಬೀಳುವ ತೂತಿನ ಅಳತೆ ನಾನೇ ಕೊಡಬೇಕು, ದರ್ಜಿಗೆ ಕುಪ್ಪಸದ ಅಳತೆ ಕೊಟ್ಟಂತೆ. ನಾಳೆ ಸಣ್ಣ ಗುಂಡೇ ಅವ್ವನ ಕಣ್ಣಿಗೆ ಬಡಿದರೆ, ನೀನೇ ಆರಿಸಿದ್ದಲ್ಲವೇನವಾ ಎನ್ನಬಹುದು.

"ಬ್ಯಾಡ ಅಂದ್ರ?" ಎಂದೆ.

"ಬ್ಯಾಡ ಅನ್ನಾಕ ಏನೈತಿ? ಖಾನಾವಳಿ ಜಾಗ ಸಂಘದ್ದು. ಆಯ್ತವಾರ ಊಟ ಹಾಕಲಾರದ ಖಾನಾವಳಿ ಇಟ್ಕೊಂಡು ಸಂಘ ಏನ್ ಮಾಡ್ತೈತಿ? ಮಂದಿ ಕೇಳ್ತಾರ. ನಾ ಎಷ್ಟಂತ ತಡೀಲಿ? ಹೋಗ್ಲಿ, ತೂತು ಅಂದ್ರ ಏನs ತಂಗಿ, ಸುಣ್ಣ ಬಳದ್ರ ಮುಚ್ಚಿ ಹೋಗ್ತೈತಿ."

ದಾದಾಪೀರ್ ಗಾಜಿನ ಮೇಜಿನ ಮೇಲೆ ಕೆಂಪು ಬಟ್ಟೆ ಸರಿಪಡಿಸಿ ಮೂರು ರಿವಾಲ್ವರುಗಳನ್ನು ಸಾಲಾಗಿ ಇಟ್ಟ. ಊರಿನಲ್ಲಿ ಇವನ್ನು ಕೌಬಾಯಿ ಎನ್ನುತ್ತಾರೆ. ಎಲ್ಲೋ ಸಮುದ್ರದಾಚೆ ದನ ಕಾಯುವವರು ಹಿಡಿಯುತ್ತಿದ್ದ ಆಯುಧವಂತೆ. ನಮ್ಮೂರಿನ ದನ ಕಾಯುವವರಿಗೆ ಸಂಘದ ಗೇಟಿನೊಳಗೆ ಕಾಲಿಡಲು ಬಿಡುವುದಿಲ್ಲ.

"ಮೊದಲ ಇದರ ಗುಣ ಕೇಳು ಬೇಟಿ," ಎಂದ ದಾದಾಪೀರ್. ವಕೀಲರು ಎದುರಿಗಿದ್ದರೂ ಅವನು ಮಾತಾಡಿದ್ದು ನನ್ನೊಂದಿಗೆ. "ಬ್ಯಾರೆ ರಿವಾಲ್ವರ್‌ದಾಗ ಟ್ರಿಗರ್ ಎಳಕೋತ ಹೋದ್ರ ಗುಂಡು ಹಾರಕೋತ ಹೋಗ್ತಾವ. ಇದು ಹಂಗಲ್ಲ. ಒಂದೊಂದು ಗುಂಡಿಗೂ ನೀನs ಹೆಬ್ಬೆರಳಲೆ ಹ್ಯಾಮರ್ ಎಳೀಬೇಕು. ಎಳೀಲಿಲ್ಲೋ, ಟ್ರಿಗರ್ ಎಷ್ಟs ಒತ್ತು, ಎಮ್ಮಿ ಮಲಗಿದಂಗ ಮಲಗಿರ್ತೈತಿ."

"ಅಂದ್ರ ತಿಳೀಲಾರದ ಹಾರಂಗಿಲ್ಲ?"

"ತಿಳೀಲಾರದ ಹೆಂಗ ಹಾರ್ತೈತಿ? ನಾಕು ಸಲ ಟಿಕ್ ಅಂತೈತಿ. ಕಿವುಡಗೂ ಕೇಳಸ್ತೈತಿ."

ನಾನು ವಕೀಲರ ಕಡೆ ನೋಡಿದೆ. ಅವರು ಗೋಡೆಯ ಮೇಲಿನ ಜಿಂಕೆಯ ತಲೆ ನೋಡುತ್ತಿದ್ದರು. ಅಂದರೆ ಅವ್ವನ ಬೆರಳು ಒಯ್ದ ಗುಂಡಿಗೂ ಒಬ್ಬನ ಹೆಬ್ಬೆರಳು ಹಿಂದಕ್ಕೆ ಹೋಗಿತ್ತು, ನಾಲ್ಕು ಸದ್ದು ಅವನ ಕಿವಿಗೆ ಬಿದ್ದಿದ್ದವು, ಬಾಯಿಯಲ್ಲಿ ಇನ್ನೂ ಅವ್ವ ಹಾಕಿದ ಶೇಂಗಾ ಚಟ್ನಿಯ ರುಚಿ ಇತ್ತು.

ಇಪ್ಪತ್ತೆರಡರದ್ದನ್ನು ಮತ್ತೆ ಎತ್ತಿಕೊಂಡೆ. ಹಗುರ. ಹಿಡಿಕೆ ನನ್ನ ಅಂಗೈಗೆ ಅಳೆದು ಮಾಡಿದಂತಿತ್ತು. ದಾದಾಪೀರ್ ಅದರ ಬಲಗಡೆಯ ಪುಟ್ಟ ಬಾಗಿಲು ತೆರೆದು ತೋರಿಸಿದ. ಅಲ್ಲಿಂದ ಒಂದೊಂದೇ ಗುಂಡು ತುಂಬಬೇಕು, ಹಾರಿದ ಗುಂಡಿನ ಖಾಲಿ ಕೋಶಗಳನ್ನು ಅಲ್ಲಿಂದಲೇ ಸಣ್ಣ ಕಡ್ಡಿಯಿಂದ ಒಂದೊಂದಾಗಿ ನೂಕಬೇಕು. ಅವಸರದವರ ಕೆಲಸವಲ್ಲ. "ಕೈಗೆ ಧಕ್ಕಿ ಇಲ್ಲ, ಸದ್ದಿಲ್ಲ, ಗುಂಡು ಸೋವಿ. ಕಲಿಯೋರಿಗೆ ಇದರಂಥಾದ್ದು ಇಲ್ಲ," ಎಂದ.

"ಅದs, ಅದs," ಎಂದರು ವಕೀಲರು.

ಮೂವತ್ತೆಂಟರದ್ದು ಸ್ವಲ್ಪ ಭಾರ. ಕಬ್ಬಿಣ ತಣ್ಣಗಿತ್ತು. "ಇದು ನಡುವಿಂದು. ದೂರದ ಹಲಿಗಿಗೂ ಆಗ್ತೈತಿ, ಕೈಗೂ ತ್ರಾಸಿಲ್ಲ. ನಾ ಮಾರೂದು ಇದs ಜಾಸ್ತಿ."

ಮೂರನೆಯದನ್ನು ಅವನು ತಾನಾಗಿ ಎತ್ತಿ ಕೊಡಲಿಲ್ಲ. ನಾನೇ ಎತ್ತಿಕೊಂಡೆ. ನಲವತ್ತೈದು. ಮುಂಗೈ ಉದ್ದದ ನಳಿಕೆ. ಒಮ್ಮೆಲೇ ಮಣಿಕಟ್ಟು ಕೆಳಗೆ ಜಗ್ಗಿತು. ತುಂಬಿದ ಸಾರಿನ ಪಾತ್ರೆಯನ್ನು ಒಂದೇ ಕೈಯಿಂದ ಎತ್ತಿದಂತೆ. ಆದರೆ ನನಗೆ ಸಾರಿನ ಪಾತ್ರೆ ಎತ್ತಿ ಅಭ್ಯಾಸವಿತ್ತು. ತುಸು ಹೊತ್ತಿಗೆ ನಳಿಕೆ ತಾನಾಗಿ ನಿಂತಿತು.

"ನಳಿಗಿ ಉದ್ದ ಇದ್ದಷ್ಟೂ ಗುರಿ ನಿಲ್ತೈತಿ," ದಾದಾಪೀರ್ ದನಿ ತಗ್ಗಿಸಿ ಹೇಳಿದ. "ಹಾರಿಸಿದಾಗ ಹಿಡಕಿ ಅಂಗೈಯಾಗ ಮ್ಯಾಲೆ ಹೊಳ್ಳತೈತಿ, ಹೊಳ್ಳಲಿ ಬಿಡು, ಬಿಗಿ ಹಿಡದು ಜಗಳಾಡಬ್ಯಾಡ. ಆದ್ರ ಬೇಟಿ, ಇದು..." ಇದು ಏನು ಎಂಬುದು ನಮ್ಮ ಅಡುಗೆಮನೆಯ ನೆಲಕ್ಕೆ ಗೊತ್ತಿತ್ತು. "ಇನ್ನೊಂದು. ಗುಂಡು ಕೂರಾಕ ಆರು ಮನಿ ಅದಾವ. ಐದಕ್ಕs ಗುಂಡು ತುಂಬು. ಒಂದು ತುಂಬು, ಒಂದು ಬಿಡು, ನಾಕು ತುಂಬು. ಹ್ಯಾಮರ್ ಯಾವಾಗಲೂ ಆ ಖಾಲಿ ಮನಿ ಮ್ಯಾಲೆ ಕುಂತಿರಬೇಕು. ಹಳೇ ನಮೂನಿ ಇವು, ಕೆಳಗ ಬಿದ್ರ ತಾವs ಹಾರ್ತಾವ."

"ಅದನ್ನ ಕೆಳಗಿಡವಾ," ಎಂದರು ವಕೀಲರು. "ಸಣ್ಣದು ಕಟ್ಟೋ ದಾದಾ. ಮೊದಲನೇ ಆಯ್ತವಾರದ ಊಟಕ್ಕ ಏನ್ ಮಾಡ್ತಿ ನೀಲಗಂಗಾ? ಹೊಸಬರ ಊಟ ಅದು, ಹೋಳಿಗಿ ಆಗಬೇಕು. ಅಳಿಯಂದ್ರು ಸೇರಿದಾಗ ನಿಮ್ಮವ್ವ ಎಂಥಾ ಹೋಳಿಗಿ ಹಾಕಿದ್ಲು!"

"ಹೊಸಬರ ಊಟ ಅಂದ್ರ ನಾ ಹಾಕಬೇಕಾ?"

"ಮತ್ತ? ಪದ್ಧತಿ ಅದು. ಹೊಸಬರು ಎಲಿ ಹಾಕಿದಲ್ಲೆ ಎಲ್ಲಾ ಸದಸ್ಯರೂ ಬಂದು ಉಂಡು ಹೋಗಬೇಕು. ಬರಲಾರದಾಂವಗ ಆ ವರ್ಷ ಮೈದಾನ ಇಲ್ಲ. ಹಿರ್ಯಾರು ಅಗದಿ ಬರೋಬ್ಬರಿ ಮಾಡಿಟ್ಟಾರ."

"ಎಲ್ಲಿ ಹಾಕಿದ್ರೂ?"

"ಎಲ್ಲಿ ಹಾಕಿದ್ರೂ."

ಇವರಿಗೆ ಖಾನಾವಳಿ ಬಿಟ್ಟು ಬೇರೆ ಕಡೆ ಎಲೆ ಹಾಕಬಹುದು ಎಂಬುದೇ ಮರೆತುಹೋಗಿತ್ತು. ಇಷ್ಟು ವರ್ಷ ಹೊಸಬರೆಲ್ಲರೂ ಅವರ ಅಳಿಯಂದಿರು, ತಮ್ಮಂದಿರು, ಷಡ್ಡಕರು. ಅವರಲ್ಲಿ ಯಾರು ಮೇಲಿನ ಓಣಿಯಲ್ಲಿ ಎಲೆ ಹಾಕಿಯಾರು? ನನ್ನ ಕೈಯಲ್ಲಿ ಇನ್ನೂ ನಲವತ್ತೈದು ಇತ್ತು. ನಾನು ಅದನ್ನು ಕೆಳಗಿಡಲಿಲ್ಲ.

"ಇದs ಇರ್ಲಿ," ಎಂದೆ.

"ಏ ಹುಚ್ಚಿ! ನಿಮ್ಮನಿ ಗ್ವಾಡಿ ನಿಲ್ಲತಾವೇನ?"

"ನನ್ನ ಕೈಯಾಗ ಕೊಟ್ಟೀವಿ ಅಂದ್ರಿ. ಇದು ನನ್ನ ಕೈಯಾಗ ಐತಿ."

ವಕೀಲರು ಹಣೆ ಚಚ್ಚಿಕೊಂಡರು. ಆದರೆ ಮೀಸೆಯ ಕೆಳಗೆ ಒಂದು ನಗು ಸುಳಿದದ್ದು ನನಗೆ ಕಂಡಿತು. ಅವರಿಗೂ ನಲವತ್ತೈದೇ ಇಷ್ಟ. ದಾದಾಪೀರ್ ಮಾತ್ರ ನಗಲಿಲ್ಲ. ಕೆಂಪು ಬಟ್ಟೆಯಿಂದ ನಳಿಕೆ ಒರೆಸಿ, ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಖಾಲಿ ಮನಿ ಮರೀಬ್ಯಾಡ," ಎಂದಷ್ಟೇ ಹೇಳಿದ.

ಅಲ್ಲಿಂದ ನೆಟ್ಟಗೆ ವಕೀಲರ ಮನೆಯ ಹಿತ್ತಲಿಗೆ ಹೋದೆ. ಅವರ ಹೆಂಡತಿ ಕಾಶಕ್ಕ ಹೊಲಿಗೆ ಯಂತ್ರದ ಮುಂದೆ ಕುಳಿತು ದಿಂಬಿನ ಚೀಲ ಹೊಲಿಯುತ್ತಿದ್ದಳು. ಅವ್ವನ ಕೈ ಹೋದ ಮರುದಿನ ನಮ್ಮ ಹಿಂಬಾಗಿಲಿಗೆ ತುಪ್ಪದ ಗಡಿಗೆ ಹಿಡಿದು ಬಂದವಳು ಆ ಓಣಿಯಲ್ಲಿ ಅವಳೊಬ್ಬಳೇ. ಒಳಗೆ ಬರದೆ ಮೆಟ್ಟಿಲ ಮೇಲೆ ಕುಳಿತು, ನಮ್ಮ ಗೋಡೆಯ ತೂತುಗಳನ್ನು ಸುಮ್ಮನೆ ನೋಡಿ, ಹೋಗುವಾಗ ಒಂದೇ ಮಾತು ಕೇಳಿದ್ದಳು: "ನಮ್ಮ ಮನಿಯವರು ನಿಮ್ಮಲ್ಲೆ ಎಷ್ಟ ರೊಟ್ಟಿ ಉಣ್ತಾರ?"

ಈಗ ನಾನು, ಹೊಸಬರ ಊಟಕ್ಕೆ ಅವಳ ಒಲೆ ಕೊಡುವಳೇ ಎಂದು ಕೇಳಿದೆ. ಸೊಂಟದ ಪಟ್ಟಿಯಲ್ಲಿದ್ದ ರಿವಾಲ್ವರನ್ನು ಮುಚ್ಚಿಡಲಿಲ್ಲ. ಯಂತ್ರದ ಚಕ್ರ ನಿಂತಿತು.

"ನನ್ನ ಮನ್ಯಾಗ?"

"ನಿಮ್ಮ ಪಡಸಾಲ್ಯಾಗ. ಎಲ್ಲಾರಿಗೂ."

"ಗುಂಡು ಹಾರೂ ಹೊತ್ತಿಗೆ ನಾನೆಲ್ಲಿರಲಿ?"

"ಹೊರಗಿರ್ರಿ. ಮನ್ಯಾಗ ಬೆಕ್ಕೂ ಇರಬಾರದು. ಗ್ವಾಡಿ ಹೋಗ್ತಾವ, ಬಾಗಿಲಾ ಹೋಗ್ತಾವ. ಅವ್ವ ಒಲಿ ಮುಂದ ಕುಂತಿದ್ಲು, ಆಕಿಗೆ ಹೊರಗ ಹೋಗಾಕ ಬಿಡುವಿರಲಿಲ್ಲ. ಬ್ಯಾರೆ ಗಿರಾಕಿಗಳ ಪಂಕ್ತಿ ಉಣ್ಣಾಕ ಕುಂತಿತ್ತು."

ಕಾಶಕ್ಕ ಹಲ್ಲಿನಿಂದ ದಾರ ಕಡಿದಳು. ಸೂಜಿಗೆ ಮತ್ತೆ ದಾರ ಪೋಣಿಸತೊಡಗಿದಳು. ನನಗೆ ಅವಳ ಮೇಲೂ ಸಿಟ್ಟು ಬರತೊಡಗಿತು. ಇವಳೂ ಒಂದು ತುಪ್ಪದ ಗಡಿಗೆಗೆ ಮುಗಿಸುವವಳೇ ಎನ್ನಿಸಿತು. ಆಗ ಅವಳು ಗೋಡೆಯ ಕಡೆ ಕೈ ತೋರಿಸಿದಳು. "ಇದಕ್ಕ ಒಂದು ಮೊಳಿ ಬಡದು ನಮ್ಮವ್ವನ ಫೋಟೋ ತೂಗಹಾಕ್ತೀನಿ ಅಂದ್ರ ಬಿಡಲಿಲ್ಲ. ಗ್ವಾಡಿ ಹಾಳಾಗ್ತೈತಂತ. ಫೋಟೋ ಟ್ರಂಕಿನಾಗ ಐತಿ. ಮದವ್ಯಾಗಿ ಬಂದಾಗಿಂದ ಆಯ್ತವಾರ ಈ ಮನ್ಯಾಗ ನಾ ಮಾಡಿದ್ದು ಆ ಮನುಷ್ಯಾ ಬಾಯಿಗಿಟ್ಟಿಲ್ಲ." ಮತ್ತೆ ಚಕ್ರ ತಿರುಗಿಸಿದಳು. "ಬ್ಯಾಳಿ ನಂದs ಹಾಕು. ಡಬ್ಬಿ ತುಂಬ ಐತಿ."

ಕಷ್ಟವಾದದ್ದು ಅವ್ವನನ್ನು ಒಪ್ಪಿಸುವುದು. ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮಾತೆಲ್ಲ ಕೇಳಿ, "ಉಣ್ಣಾಕ ಕರದು ಹಂಗ ಮಾಡ್ತಾರೇನs?" ಎಂದಳು.

"ಉಂಡು ಹೋಗಿ ಹಿಂಗ ಮಾಡ್ತಾರೇನು?" ನಾನು ಕಿರುಚಿದೆ. ಅವಳ ಕೈಯನ್ನೇ ತೋರಿಸಿ ಕಿರುಚಿದೆ. "ಅವರು ಉಣ್ಣೂ ಮುಂದ ಎಣಗಾಯಿ ಇನ್ನೊಂದು ಹಾಕಲೇನ್ರಿ ಅಂತ ಕೇಳಿದ್ಯಲ್ಲ, ಅದs ಗಳಿಗಿಗೆ ಅವರು ಮನಸಿನಾಗ ನಿನ್ನ ಮನಿಗೆ ಗುಂಡು ತುಂಬತಿದ್ರು. ನಿನಗ ಒಂದ್ ದಿನಾನೂ ಸಿಟ್ಟು ಬರಲಿಲ್ಲೇನವ್ವಾ?"

"ಬಂದ್ರ ರೊಟ್ಟಿ ದಪ್ಪ ಆಗ್ತಾವ," ಎಂದಳು ಅವ್ವ.

ನಾನು ಹೊರಗೆ ಹೋಗಿ ಕೊಡದ ಬೆಣೆಗಳನ್ನೆಲ್ಲ ಕಿತ್ತು ಬೀದಿಗೆ ಎಸೆದೆ. ನೀರು ಕೊಡದ ನಾಲ್ಕೂ ಕಡೆಯಿಂದ ಚಿಮ್ಮಿ ನನ್ನ ಕಾಲು ನೆನೆಸಿತು. ಎದುರುಮನೆಯವರು ನೋಡಿ ಒಳಗೆ ಹೋದರು. ಆಮೇಲೆ ನಾನೇ ಹೋಗಿ ಎಲ್ಲ ಆಯ್ದುಕೊಂಡು ಬಂದೆ, ನಾಳೆಯ ನೀರಿಗೆ ಬೇಕಲ್ಲ.

ಆಯ್ತವಾರ ಬೆಳಿಗ್ಗೆ ಕಾಶಕ್ಕ ಒಲೆ ಹೊತ್ತಿಸಿದಾಗ ಮೇಲಿನ ಓಣಿಯ ಹೆಂಗಸರೆಲ್ಲ ಮಾಳಿಗೆ ಹತ್ತಿ ಆ ಹೊಗೆ ನೋಡಿದರು. ಆ ಹೊತ್ತಿನಲ್ಲಿ ಆ ಓಣಿಯಿಂದ ಹೊಗೆ ಎದ್ದದ್ದನ್ನು ಅವರಲ್ಲಿ ಯಾರೂ ಕಂಡಿರಲಿಲ್ಲ. ವಕೀಲರು ಆಗಲೇ ಮೈದಾನದಲ್ಲಿ ಹಲಗೆ ನಿಲ್ಲಿಸುವುದರಲ್ಲಿದ್ದರು. ಅಲ್ಲಿಂದ ಎಲ್ಲರೂ ಒಟ್ಟಾಗಿ ಊಟಕ್ಕೆ ಇಳಿಯುವುದು ವಾಡಿಕೆ. ಕಾಶಕ್ಕ ಮನೆಯಿಂದ ಒಂದೇ ಒಂದು ಸಾಮಾನು ಹೊರಗೆ ಸಾಗಿಸಿದಳು, ಹೊಲಿಗೆ ಯಂತ್ರ. ಅದನ್ನು ಹುಣಸೆ ಗಿಡದ ಕೆಳಗಿಟ್ಟು ಮೇಲೆ ಗೋಣಿ ಹೊದಿಸಿದಳು. ನೆಲದ ಮೇಲೆ ನಿಲ್ಲುವ ಗಡಿಯಾರ, ಬೀಟೆ ಮರದ ಬಾಗಿಲುಗಳು, ಗಾಜಿನ ಕಪಾಟು, ಗೋಡೆಗೆ ಒರಗಿಸಿಟ್ಟ ಮಾವನ ಆಳೆತ್ತರದ ಚಿತ್ರ, ಎಲ್ಲ ಇದ್ದಲ್ಲೇ ಇದ್ದವು.

ಹೂರಣ ರುಬ್ಬುವ ಹೊತ್ತಿಗೆ ಬಾಗಿಲಲ್ಲಿ ನೆರಳಾಯಿತು. ಅವ್ವ ನಿಂತಿದ್ದಳು, ಕೈಗೆ ಹೊಸ ಬಟ್ಟೆ ಸುತ್ತಿಕೊಂಡು. ಯಾರ ಮುಖವನ್ನೂ ನೋಡದೆ ಒಲೆಯ ಹತ್ತಿರ ಬಂದು, ಎಡಗೈಯಿಂದ ಸಾರು ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು.

"ಉಪ್ಪು ಕಡಿಮಿ," ಎಂದಳು.

ಖಾನಾವಳಿಯ ಬಾಗಿಲಿಗೆ ಬೀಗ ನೋಡಿ, ಹೊಸಬರ ಊಟ ವಕೀಲರ ಮನೆಯಲ್ಲಿ ಎಂಬ ಸುದ್ದಿ ಕೇಳಿ, ಸಂಘದವರು ಓಣಿ ಹತ್ತಿ ಬಂದರು. ಮೊದಲು ಬಂದವರು ಹೊಸ್ತಿಲಲ್ಲಿ ತಡೆದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಡಸಾಲೆಯ ತುಂಬ ಎಲೆ ಹಾಕಿತ್ತು. ಹೋಳಿಗೆಯ ಮೇಲೆ ತುಪ್ಪ ಹರಿಯುತ್ತಿತ್ತು. ಒಬ್ಬ ಗೋಡೆ ನೋಡಿದ, ಬಾಗಿಲು ನೋಡಿದ, ಆಮೇಲೆ ಅವನ ಮುಖದಲ್ಲಿ ಮೆಲ್ಲಗೆ ಒಂದು ಸಮಾಧಾನ ಹರಡಿತು. ಇದು ಅವನ ಮನೆಯಲ್ಲ. ಅವನು ಕುಳಿತ. ಅವನ ಹಿಂದೆ ಉಳಿದವರೂ ದಡದಡ ಕುಳಿತರು. ನಾನು ಎಣಿಸಿದ್ದು ಇವರು ನಾಚುತ್ತಾರೆಂದು, ಹೆದರುತ್ತಾರೆಂದು. ಅವರು ಹಸಿದಿದ್ದರು, ಉಂಡರು. ಖಾನಾವಳಿಯಲ್ಲಿ ಉಂಡಷ್ಟೇ ಸಂತೋಷದಿಂದ ಉಂಡರು. ನನ್ನ ಸಿಟ್ಟಿಗೆ ಅಲ್ಲಿ ನಿಲ್ಲಲು ಜಾಗವೇ ಸಿಗಲಿಲ್ಲ. ಬಡಿಸುವ ಸೌಟನ್ನು ಅಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅದರ ಕಾವು ಸುಟ್ಟದ್ದೂ ಗೊತ್ತಾಗಲಿಲ್ಲ.

ಹಲಗೆ ನಿಲ್ಲಿಸಲು ಹಿಂದುಳಿದಿದ್ದ ವಕೀಲರು ಕೊನೆಗೆ ಬಂದರು, ಉಸಿರು ಬಿಡುತ್ತ. ದಾರಿಯಲ್ಲೇ ಯಾರೋ ಹೇಳಿರಬೇಕು. ಬೂಟು ಬಿಚ್ಚದೆ ಒಳಗೆ ನುಗ್ಗಿ, "ಏಳ್ರಿ! ಎಲ್ಲಾ ಏಳ್ರಿ ಮ್ಯಾಲೆ! ಯಾರ ಕೇಳಿ ಕುಂತ್ರಿ?" ಎಂದು ಕೂಗಿದರು.

"ಹೊಸಬರು ಎಲಿ ಹಾಕಿದಲ್ಲೆ ಉಣ್ಣಬೇಕಲ್ರಿ," ಬಾಯಿ ತುಂಬ ಹೋಳಿಗೆ ಇದ್ದ ಅಳಿಯ ಹೇಳಿದ. "ನೀವs ಹೇಳಿದ್ರಿ."

"ಇವತ್ತ ಹಾರಿಸೂದಿಲ್ಲ. ರದ್ದು."

"ಪೈಪೋಟಿ ಮುಂದಿಟ್ಕೊಂಡು ರದ್ದು ಅಂದ್ರ ಹೆಂಗ್ರಿ ವಕೀಲರ? ನಾವೇನೋ ಉಂಡೀವಿ," ಎಂದ ಇನ್ನೊಬ್ಬ, ಬೆರಳು ನೆಕ್ಕುತ್ತ. "ತೂತು ಅಂದ್ರ ಏನು? ಸುಣ್ಣ ಬಳದ್ರ ಮುಚ್ಚಿ ಹೋಗ್ತಾವ."

ಪಂಕ್ತಿ ಪೂರ್ತಿ ನಕ್ಕಿತು. ವಕೀಲರು ನನ್ನ ಕಡೆ ತಿರುಗಿದರು. ಅವರ ಕಣ್ಣು ನನ್ನ ಸೊಂಟದ ರಿವಾಲ್ವರಿಗೆ, ಅಲ್ಲಿಂದ ಅವ್ವನ ಕೈಗೆ, ಅಲ್ಲಿಂದ ತಂದೆಯ ಚಿತ್ರಕ್ಕೆ ಹೋಯಿತು. ಯಾರೋ ಆಗಲೇ ಗುರಿ ಹಿಡಿದಿದ್ದಾರೇನೋ ಎಂಬಂತೆ ಅವರು ಆ ಚಿತ್ರದ ಎದೆಯನ್ನು ನೋಡಿದರು. "ನೀಲಗಂಗಾ, ಇದು ಮನಿ," ಎಂದರು.

"ಹೌದ್ರಿ," ಎಂದೆ. "ನಮ್ಮದೂ ಮನಿನs."

ಒಳಗಿಂದ ಕಾಶಕ್ಕ ಬಂದಳು. ಕೈಯಲ್ಲಿ ಬೆಳ್ಳಿಯ ತಟ್ಟೆ ಇತ್ತು. ಎರಡು ಹೋಳಿಗೆ, ಎಣಗಾಯಿ, ಬಿಸಿ ಅನ್ನ, ಅನ್ನದ ಮೇಲೆ ಅವ್ವ ಉಪ್ಪು ಸರಿಪಡಿಸಿದ ಸಾರು. ಖಾಲಿ ಉಳಿದ ಒಂದೇ ಒಂದು ಜಾಗದಲ್ಲಿ ಮಣೆ ಹಾಕಿ, ಅದರ ಮುಂದೆ ತಟ್ಟೆ ಇಟ್ಟು, ನೀರಿನ ತಂಬಿಗೆ ಇಟ್ಟು, ಸೆರಗಿನಿಂದ ಕೈ ಒರೆಸಿಕೊಂಡಳು.

"ಆಯ್ತವಾರ ಮಾಡೀನಿ," ಎಂದಳು. "ಉಣ್ರಿ."

ವಕೀಲರು ತಟ್ಟೆ ನೋಡಿದರು. ಉಂಡರೆ ತಮ್ಮ ಗುಂಡೂ ಈ ಗೋಡೆಗೇ, ಉಣ್ಣದಿದ್ದರೆ ವರ್ಷ ಪೂರ್ತಿ ಮೈದಾನವಿಲ್ಲ. ಉಂಡು ಮುಗಿಸಿದವರು ಒಬ್ಬೊಬ್ಬರಾಗಿ ಎದ್ದು ಕೈ ತೊಳೆಯುತ್ತಿದ್ದರು, ಸೊಂಟದ ಪಟ್ಟಿ ಸರಿಪಡಿಸಿಕೊಳ್ಳುತ್ತಿದ್ದರು. ಹೊರಗೆ ಅಂಗಳದಲ್ಲಿ ಯಾರೋ ಗುಂಡು ತುಂಬಿಕೊಳ್ಳುವ ಸದ್ದು, ಒಂದು, ಆಮೇಲೆ ಒಂದು ಬಿಟ್ಟು, ಮತ್ತೆ ನಾಲ್ಕು.

"ಉಣ್ರಿ," ಎಂದಳು ಕಾಶಕ್ಕ ಇನ್ನೊಮ್ಮೆ.

"ನಾ ಉಣ್ಣಂಗಿಲ್ಲ," ಎಂದರು ವಕೀಲರು.